ಬೆಳ್ಳಿ ಲೋಟದ ಮರ್ಯಾದೆ

ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರು ತಾಲ್ಲೂಕುಗಳಲ್ಲಿ ಯಾವ ಊರಿಗೆ ಹೋಗಿ ಯಾರ ಮನೆಯ ಜಗಲಿಯಲ್ಲಿ ಕೂತರೂ ಹೋಟೆಲಿನ ಸುದ್ದಿ ಬಾರದೆ ಮಾತು ಮುಗಿಯುವುದಿಲ್ಲ. ಒಬ್ಬರ ಮಗ ಬೆಂಗಳೂರಿನಲ್ಲಿ ದರ್ಶಿನಿ ನಡೆಸುತ್ತಾನೆ. ಇನ್ನೊಬ್ಬರ ಭಾವನಿಗೆ ಮುಂಬಯಿಯ ಲಂಚ್ ಹೋಮ್‌ನಲ್ಲಿ ಪಾಲಿದೆ. ಮತ್ತೊಬ್ಬರ ತಮ್ಮ ಹುಬ್ಬಳ್ಳಿಯಲ್ಲಿ ಗಲ್ಲಾದಲ್ಲಿ ಕೂರುತ್ತಾನೆ. ಯಾರೂ ಇಲ್ಲದ ಮನೆಯಲ್ಲಿ ಅಜ್ಜನಾದರೂ ಹರೆಯದಲ್ಲಿ ಘಟ್ಟ ಹತ್ತಿ ನಾಲ್ಕು ವರ್ಷ ದೋಸೆ ಹೊಯ್ದು ಬಂದಿರುತ್ತಾರೆ. ಹೊಲಕ್ಕೆ ಬಾವಿ ತೋಡಿದ್ದು, ಮನೆಗೆ ಹೆಂಚು ಹೊದಿಸಿದ್ದು, ತಂಗಿಯ ಮದುವೆ ಮಾಡಿದ್ದು ಎಲ್ಲವೂ ಆ ದುಡ್ಡಿನಲ್ಲೇ. ನಮ್ಮ ಊರುಗಳ ಮಣ್ಣಿಗೆ ನೀರುಣಿಸಿದ ಹೊಳೆಗಳ ಹೆಸರು ಎಲ್ಲರಿಗೂ ಗೊತ್ತು. ಅಷ್ಟೇ ನೀರುಣಿಸಿದ ನಗರದ ಹೋಟೆಲುಗಳ ಹೆಸರನ್ನು ಯಾರೂ ಬರೆದಿಟ್ಟಿಲ್ಲ.

ಹಾಗಾಗಿ ನಗರದ ದೊಡ್ಡ ಹೋಟೆಲನ್ನು ನಮ್ಮ ಕಡೆಯವರು ನೋಡುವ ಕಣ್ಣೇ ಬೇರೆ. ಉಳಿದವರ ಕಣ್ಣು ಮೊದಲು ಸೂರಿನ ದೀಪದ ಗೊಂಚಲಿನ ಮೇಲೆ ಬೀಳುತ್ತದೆ. ನಮ್ಮವರು ನೋಡುವುದು ಮೇಜು ಒರೆಸುವ ಬಟ್ಟೆಯನ್ನು, ಕೈ ತೊಳೆಯುವ ಜಾಗವನ್ನು, ಮೂಲೆಯ ಮೇಜಿನಲ್ಲಿ ಕೂತ ಒಂಟಿ ಗಿರಾಕಿಯ ಹತ್ತಿರ ಯಾರಾದರೂ ಹೋದರೋ ಇಲ್ಲವೋ ಎಂಬುದನ್ನು. ನಾನೂ ಅಂಥ ಮನೆಯಲ್ಲಿ ಬೆಳೆದವನು. ಐಷಾರಾಮ ಎಂದರೇನು, ಅದು ಈ ನಾಡಿನ ನಗರಗಳಿಗೆ ಹೇಗೆ ಬಂತು, ಯಾರ ಪಾಲಿಗೆ ಬಂತು ಎಂಬುದನ್ನು ಯೋಚಿಸುವಾಗಲೆಲ್ಲ ನನ್ನ ಮನಸ್ಸು ಬೆಂಗಳೂರಿನ ಎರಡು ಜಾಗಗಳ ನಡುವೆ ಓಡಾಡುತ್ತದೆ. ಒಂದು ರೇಸ್‌ಕೋರ್ಸ್ ರಸ್ತೆಯ ವೆಸ್ಟ್ ಎಂಡ್. ಇನ್ನೊಂದು ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮ್ಸ್.

ವೆಸ್ಟ್ ಎಂಡ್ ಶುರುವಾದದ್ದು 1887ರಲ್ಲಿ. ಬ್ರಾನ್ಸನ್ ಎಂಬ ಇಂಗ್ಲಿಷ್ ಮಹಿಳೆ ಹತ್ತು ಕೋಣೆಗಳ ಬೋರ್ಡಿಂಗ್ ಮನೆಯೊಂದನ್ನು ತೆರೆದರು. ಆಗ ಬೆಂಗಳೂರು ಎರಡು ಊರು. ಒಂದು ಕಡೆ ಪೇಟೆ, ಇನ್ನೊಂದು ಕಡೆ ದಂಡು. ದಂಡಿನ ಪಶ್ಚಿಮದ ಅಂಚಿನಲ್ಲಿ, ಕುದುರೆ ಓಟದ ಮೈದಾನದ ಎದುರಿಗೆ, ಸೀಮೆಯಿಂದ ಬಂದ ಅಧಿಕಾರಿಗಳಿಗೂ ಅವರ ಮನೆಯವರಿಗೂ ತಂಪಾದ ಊರಿನಲ್ಲಿ ನಾಲ್ಕು ದಿನ ಇರಲು ಒಂದು ಜಾಗ ಬೇಕಾಗಿತ್ತು. 1912ರಲ್ಲಿ ಮದರಾಸಿನ ಸ್ಪೆನ್ಸರ್ ಕಂಪನಿ ಅದನ್ನು ಕೊಂಡಿತು. 1984ರಲ್ಲಿ ಅದು ತಾಜ್ ಗುಂಪಿನ ಕೈಗೆ ಬಂತು. ಇಂದಿಗೂ ಸುಮಾರು 20 ಎಕರೆ ಜಾಗ ಅದರದ್ದು. ಬೆಂಗಳೂರಿನ ನಟ್ಟನಡುವೆ 20 ಎಕರೆ ಎಂದರೆ ಏನು ಎಂಬುದು ಅಲ್ಲಿ ಮೂವತ್ತು ನಲವತ್ತರ ಸೈಟಿಗಾಗಿ ಜೀವ ತೇಯ್ದವರಿಗೆ ಗೊತ್ತು.

ಆ ಹೋಟೆಲಿನ ದೊಡ್ಡ ಸೌಕರ್ಯ ಯಾವುದು ಎಂದು ಕೇಳಿದರೆ ನಾನು ಮರಗಳನ್ನು ಹೇಳುತ್ತೇನೆ. ನೂರೈವತ್ತು ವರ್ಷ ದಾಟಿದ್ದೆಂದು ಹೇಳುವ ಮಳೆಮರವೊಂದು ಅಲ್ಲಿದೆ. ಕೋಣೆಗಳು ಒಂದರ ಮೇಲೊಂದು ಪೇರಿಸಿದ ಅಂತಸ್ತುಗಳಾಗದೆ ತೋಟದ ನಡುವೆ ಬಿಡಿ ಬಿಡಿ ಬಂಗಲೆಗಳ ಹಾಗೆ ಹರಡಿಕೊಂಡಿವೆ. ಕಿಟಕಿಯ ಮೇಲೆ ಮರದ ಚೂಪು ಮಾಡು, ಎದುರಿಗೆ ಜಗಲಿ, ಜಗಲಿಯಲ್ಲಿ ಬೆತ್ತದ ಕುರ್ಚಿ. ಈಜುಕೊಳ, ಟೆನಿಸ್ ಅಂಗಳ, ಮೈ ನೀವುವವರು, ವಿಯೆಟ್ನಾಮಿನ ಅಡುಗೆ ಬಡಿಸುವ ಊಟದ ಮನೆ ಎಲ್ಲವೂ ಇವೆ. ಆದರೆ ಅಲ್ಲಿ ಕೊಡುವ ದುಡ್ಡು ನಿಜವಾಗಿ ಸಲ್ಲುವುದು ರಸ್ತೆಯ ಸದ್ದು ಒಳಗೆ ಬಾರದಿರುವುದಕ್ಕೆ. ನಮ್ಮ ಕೋಟ, ಶಂಕರನಾರಾಯಣ, ಹಾಲಾಡಿಯ ಮನೆಗಳಲ್ಲಿ ದುಡ್ಡಿಲ್ಲದೆ ಸಿಗುವ ಜಗಲಿ, ಮರ, ಹಕ್ಕಿಯ ದನಿ ನಗರದ ಮಧ್ಯೆ ಸಿಗಬೇಕಾದರೆ ಅಷ್ಟು ಬೆಲೆ. ಅದನ್ನು ಇಷ್ಟು ಕಾಲ ಕಡಿಯದೆ ಉಳಿಸಿಕೊಂಡು ಬಂದದ್ದಕ್ಕೆ ಆ ಹೋಟೆಲಿಗೆ ನಗರ ಋಣಿಯಾಗಿರಬೇಕು.

ಮೈಸೂರಿನ ಲಲಿತಮಹಲ್ ಕೂಡ ಇದೇ ಬಗೆಯ ಕಥೆ. ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಅಡಿಪಾಯ ಹಾಕಿಸಿದ ಆ ಅರಮನೆ ವೈಸ್‌ರಾಯ್ ಮತ್ತು ಐರೋಪ್ಯ ಅತಿಥಿಗಳಿಗಾಗಿ ಕಟ್ಟಿಸಿದ್ದು. ಫ್ರಿಚ್‌ಲಿ ಎಂಬ ವಾಸ್ತುಶಿಲ್ಪಿ ನಕ್ಷೆ ಮಾಡಿದ. 1974ರಲ್ಲಿ ಅದು ಹೋಟೆಲಾಯಿತು. ದುಡ್ಡು ಕೊಟ್ಟವರಿಗೆಲ್ಲ ಅದರ ಬಾಗಿಲು ತೆರೆಯಲು ಸ್ವಾತಂತ್ರ್ಯ ಬಂದು ಕಾಲು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು.

ಹೀಗೆ ನಮ್ಮ ನಾಡಿನಲ್ಲಿ ಐಷಾರಾಮದ ಮೊದಲ ಮನೆಗಳು ಎದ್ದದ್ದು ಹೊರಗಿನಿಂದ ಬಂದ ದೊರೆಗಳಿಗಾಗಿ. ಊರಿನವರು ಅಲ್ಲಿಗೆ ಹೋಗುತ್ತಿದ್ದರೆ ಅಡುಗೆಯವರಾಗಿ, ತೋಟದ ಮಾಲಿಗಳಾಗಿ, ಪಂಖಾ ಎಳೆಯುವವರಾಗಿ. ಮೇಜಿನ ಈಚೆ ಕಡೆಯ ಕುರ್ಚಿ ಅವರದ್ದಾಗಿರಲಿಲ್ಲ.

ಇನ್ನು ನಾನು ಹೇಳಿದ ಎರಡನೆಯ ಜಾಗದ, ಮಾವಳ್ಳಿ ಟಿಫಿನ್ ರೂಮ್ಸ್‌ನ, ಬೇರು ಇರುವ ಪಾರಂಪಳ್ಳಿಗೆ ಬರೋಣ. ಈಗಿನ ಬ್ರಹ್ಮಾವರ ತಾಲ್ಲೂಕಿನಲ್ಲಿ, ಸಾಲಿಗ್ರಾಮದ ಪಕ್ಕದಲ್ಲಿ, ಒಂದು ಬದಿ ಕಡಲು ಒಂದು ಬದಿ ಹೊಳೆ ಇಟ್ಟುಕೊಂಡ ಊರು. ತೆಂಗು ಚೆನ್ನಾಗಿ ಬರುತ್ತದೆ, ಭತ್ತ ಬರುತ್ತದೆ. ಆದರೆ ಒಂದು ಮನೆಯಲ್ಲಿ ಐದಾರು ಗಂಡುಮಕ್ಕಳಾದರೆ ಪಾಲಿಗೆ ಬರುವ ಗದ್ದೆ ಒಬ್ಬನ ಹೊಟ್ಟೆಗೂ ಸಾಲದು. ಮಳೆಗಾಲದಲ್ಲಿ ಉಪ್ಪುನೀರು ಗದ್ದೆಗೆ ನುಗ್ಗಿದರೆ ಆ ವರ್ಷದ ಬೆಳೆಯೇ ಹೋಯಿತು. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ‘ಮರಳಿ ಮಣ್ಣಿಗೆ’ ಕಾದಂಬರಿಯಲ್ಲಿ ಇದೇ ಕಡಲ ಕರೆಯ ಬದುಕನ್ನು ಬರೆದಾಗ, ಬೆಂಗಳೂರಿಗೆ ಹೋಗಿ ಹೋಟೆಲು ಹಾಕಿದ ಸಂಸಾರವೂ ಅದರೊಳಗೆ ಬಂತು. ಬಾರದೆ ಇರಲು ಸಾಧ್ಯವೇ ಇರಲಿಲ್ಲ. ಆ ಕಾಲದ ಈ ಊರುಗಳ ಕಥೆ ಹೇಳಲು ಹೊರಟವರು ಹೋಟೆಲಿಗೆ ಹೋದ ಹುಡುಗನನ್ನು ಬಿಟ್ಟು ಹೇಳಲಾರರು.

ಪಾರಂಪಳ್ಳಿಯ ಮಯ್ಯ ಸಹೋದರರು ಬೆಂಗಳೂರಿಗೆ ಬಂದದ್ದೂ ಹೀಗೆಯೇ. ಮೊದಲು ಉಳ್ಳವರ ಮನೆಗಳಲ್ಲಿ ಅಡುಗೆ ಕೆಲಸ. 1924ರಲ್ಲಿ ಲಾಲ್‌ಬಾಗ್ ಕೋಟೆ ರಸ್ತೆಯಲ್ಲಿ ಒಂದು ಸಣ್ಣ ಹೋಟೆಲು. ಅದರ ಹೆಸರು ಬ್ರಾಹ್ಮಣ ಕಾಫಿ ಕ್ಲಬ್. ಸಹೋದರರಲ್ಲೊಬ್ಬರಾದ ಪರಮೇಶ್ವರ ಮಯ್ಯರು ತೀರಿಕೊಂಡ ಮೇಲೆ ತಮ್ಮ ಯಜ್ಞನಾರಾಯಣ ಮಯ್ಯರು ಅದನ್ನು ವಹಿಸಿಕೊಂಡರು. ಬೆಂಗಳೂರಿನವರು ಅವರನ್ನು ಯಜ್ಞಪ್ಪ ಎಂದೇ ಕರೆದರು.

ಯಜ್ಞಪ್ಪನವರು ಮಾಡಿದ ಒಂದು ಕೆಲಸವನ್ನು ನೆನೆದಾಗ ನನಗೆ ಇಂದಿಗೂ ಮೈ ನವಿರೇಳುತ್ತದೆ. 1951ರಲ್ಲಿ ಅವರು ಯುರೋಪಿಗೆ ಹೋದರು. ಕಡಲ ಕರೆಯಿಂದ ಅಡುಗೆಗೆಂದು ಬಂದ ಮನುಷ್ಯ, ಹೋಟೆಲು ನಡೆಸುವುದು ಹೇಗೆಂದು ನೋಡಿಬರಲೆಂದೇ ಅಷ್ಟು ದೂರ ಹೋದರು. ಅಲ್ಲಿನ ಅಡುಗೆಮನೆಗಳ ಶುಚಿ, ಪಾತ್ರೆ ತೊಳೆಯುವ ಕ್ರಮ, ಗಿರಾಕಿಯ ಎದುರು ಅಚ್ಚುಕಟ್ಟಾಗಿ ನಿಲ್ಲುವ ರೀತಿ ಎಲ್ಲವನ್ನೂ ಕಣ್ಣಾರೆ ಕಂಡರು. ತಿರುಗಿ ಬಂದವರು ತಟ್ಟೆ, ಲೋಟ, ಚಮಚಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಏರ್ಪಾಡು ಮಾಡಿದರು. ಶುಚಿಯ ಬಗ್ಗೆ ಕಿರುಹೊತ್ತಗೆ ಅಚ್ಚು ಹಾಕಿಸಿ ಗಿರಾಕಿಗಳಿಗೆ ಹಂಚಿದರು. ಬಂದವರು ಅಡುಗೆಮನೆಯನ್ನು ಹಾದು ಊಟದ ಕೋಣೆಗೆ ಹೋಗುವಂತೆ ದಾರಿ ಮಾಡಿದರು. ಹೋಟೆಲಿನ ಅಡುಗೆಮನೆಯೆಂದರೆ ಮಸಿ, ಹೊಗೆ, ಬೆವರು, ಗಿರಾಕಿ ನೋಡಬಾರದ ಜಾಗ ಎಂದುಕೊಂಡಿದ್ದ ಕಾಲದಲ್ಲಿ, ‘ಬನ್ನಿ, ನೋಡಿ, ಆಮೇಲೆ ಉಣ್ಣಿ’ ಎಂದು ಹೇಳುವ ಧೈರ್ಯ ಅದು. ಆ ಧೈರ್ಯ ಬರಬೇಕಾದರೆ ದಿನವೂ ಬೆಳಗಿನ ಜಾವ ನೆಲ ಉಜ್ಜಿರಬೇಕು. ಒಂದು ದಿನ ಬಿಟ್ಟರೂ ಆಗುವುದಿಲ್ಲ. 1960ರಲ್ಲಿ ಹೋಟೆಲು ಈಗಿನ ಕಟ್ಟಡಕ್ಕೆ ಬಂತು, ಮಾವಳ್ಳಿ ಟಿಫಿನ್ ರೂಮ್ಸ್ ಎಂಬ ಹೆಸರೂ ಬಂತು. ಜನ ಅದನ್ನು ಎಂಟಿಆರ್ ಎಂದರು.

ಅದಕ್ಕಿಂತ ಮೊದಲೇ ಇನ್ನೊಂದು ಪರೀಕ್ಷೆ ಕಳೆದಿತ್ತು. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ಬರ್ಮಾ ಜಪಾನಿನ ವಶವಾಯಿತು. ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಅಕ್ಕಿಯಿಲ್ಲದೆ ಇಡ್ಲಿ ಹೇಗೆ? ಆ ಇಕ್ಕಟ್ಟಿನಲ್ಲಿ ಇದೇ ಹೋಟೆಲಿನ ಅಡುಗೆಮನೆಯವರು ಗೋಧಿ ರವೆಯನ್ನು ಹುರಿದು, ಮೊಸರಿನಲ್ಲಿ ಕಲಸಿ, ಒಗ್ಗರಣೆ ಹಾಕಿ, ಮೇಲೊಂದು ಗೋಡಂಬಿ ಇಟ್ಟು ಬೇಯಿಸಿದರು. ರವೆ ಇಡ್ಲಿ ಹುಟ್ಟಿದ್ದು ಹಾಗೆ ಎನ್ನುತ್ತಾರೆ. ಇಂದು ಅದು ಹುಟ್ಟಿದ ಮನೆಯ ಹೆಸರೇ ಗೊತ್ತಿಲ್ಲದವರೂ ದೇಶದ ಎಲ್ಲ ಕಡೆ ಅದನ್ನು ತಿನ್ನುತ್ತಾರೆ. ಅಭಾವದ ಕಾಲದಲ್ಲಿ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಬಾರದೆಂಬ ಹಟ ಆ ತಟ್ಟೆಯೊಳಗೆ ಇದೆ.

1975ರ ತುರ್ತು ಪರಿಸ್ಥಿತಿ ಬಂದಾಗ ಹೋಟೆಲಿನ ತಿಂಡಿಗಳ ಬೆಲೆಯನ್ನು ಸರ್ಕಾರ ಕಟ್ಟಿಹಾಕಿತು. ಆ ಬೆಲೆಗೆ ಆ ಗುಣಮಟ್ಟ ಸಾಧ್ಯವಿರಲಿಲ್ಲ. ತುಪ್ಪದ ಬದಲು ಬೇರೇನೋ ಹಾಕಿ, ಕಾಫಿಗೆ ನೀರು ಬೆರೆಸಿ ನಡೆಸಬಹುದಿತ್ತು. ಎಂಟಿಆರ್‌ನವರು ಹಾಗೆ ಮಾಡಲಿಲ್ಲ. ದಿನದ ನಷ್ಟ ಎಷ್ಟೆಂದು ಹೊರಗೆ ಬೋರ್ಡು ಬರೆದು ಹಾಕಿದರು. ತಾಳಿಕೊಳ್ಳಲಾಗದೆ ಕೊನೆಗೆ ಬಾಗಿಲು ಹಾಕಿದರು. ಆ ಹೊತ್ತಿನಲ್ಲಿ ಕೆಲಸಗಾರರ ಕೈ ಕಟ್ಟಿ ಕೂರಿಸಬಾರದೆಂದು ಮಸಾಲೆ ಪುಡಿ, ತಿಂಡಿಯ ಮಿಕ್ಸುಗಳನ್ನು ಮಾಡಿ ಮಾರುವ ಉದ್ಯೋಗ ಬಲವಾಯಿತು. 1984ರಲ್ಲಿ ಹೋಟೆಲು ಮತ್ತೆ ತೆರೆಯಿತು. ಮಸಾಲೆಯ ಕಂಪನಿ ಬೆಳೆದು 2007ರಲ್ಲಿ ನಾರ್ವೆಯ ಓರ್ಕ್ಲಾ ಎಂಬ ಸಂಸ್ಥೆಯ ಪಾಲಾಯಿತು. ಹೋಟೆಲು ಮಾತ್ರ ಮಯ್ಯರ ಮನೆತನದಲ್ಲೇ ಉಳಿಯಿತು. ಈಗ ಸಿಂಗಪುರದಲ್ಲೂ ಅದರ ಶಾಖೆ ಇದೆ.

ಈ ಹೋಟೆಲಿನ ಸೌಕರ್ಯಗಳನ್ನು ಪಟ್ಟಿ ಮಾಡಿದರೆ ಕಾಲು ಪುಟವೂ ಆಗದು. ಈಜುಕೊಳವಿಲ್ಲ, ಗೊಂಚಲು ದೀಪವಿಲ್ಲ. ಕೆಂಪು ಕುರ್ಚಿ, ಅಮೃತಶಿಲೆಯ ಮೇಜು, ಹಳೆಯ ಫೋಟೋಗಳು. ಕೂರಲು ಜಾಗ ಸಿಗಬೇಕಾದರೆ ಹೊರಗೆ ಹೆಸರು ಬರೆಸಿ ಕಾಯಬೇಕು. ಆದರೆ ಕಾಫಿ ಬರುವುದು ಬೆಳ್ಳಿಯ ಲೋಟದಲ್ಲಿ. ಆ ಲೋಟವನ್ನು ಕೈಯಲ್ಲಿ ಹಿಡಿದವರಿಗೆ ಗೊತ್ತು, ಅದು ತೆಳ್ಳಗಿಲ್ಲ. ಕೈಗೆ ಭಾರ ಹತ್ತುತ್ತದೆ. ಬಾಯಂಚು ಹೊರಕ್ಕೆ ಬಾಗಿರುವುದರಿಂದ ತುಟಿಗೆ ತಾಗಿಸದೆಯೂ ಎತ್ತಿ ಹೊಯ್ದುಕೊಳ್ಳಬಹುದು. ಬಿಸಿ ತಟ್ಟನೆ ಬೆರಳಿಗೆ ಬರುತ್ತದೆ, ಆದ್ದರಿಂದ ಅಂಚನ್ನೇ ಹಿಡಿಯಬೇಕು. ನೊರೆ ಇಳಿಯುವವರೆಗೆ ಸುಮ್ಮನೆ ಕೂರಬೇಕು. ಆ ಒಂದೆರಡು ನಿಮಿಷ ಯಾರೂ ಎಬ್ಬಿಸುವುದಿಲ್ಲ. ಎದುರಿಗೆ ಕೂತವರು ಲಾಲ್‌ಬಾಗಿನಲ್ಲಿ ನಡೆದು ಬಂದ ನಿವೃತ್ತ ಗುಮಾಸ್ತರಿರಬಹುದು, ಪಕ್ಕದಲ್ಲಿ ಕಾರಿನಿಂದ ಇಳಿದ ಉದ್ಯಮಿ ಇರಬಹುದು. ಲೋಟ ಎಲ್ಲರಿಗೂ ಅದೇ. ಮದುವೆಯ ಹೊತ್ತಿಗೆ ಮಾತ್ರ ಕಪಾಟಿನಿಂದ ಹೊರಬರುವ ವಸ್ತುವನ್ನು ಒಂದು ಕಾಫಿಯ ದುಡ್ಡು ಕೊಟ್ಟ ಪ್ರತಿಯೊಬ್ಬನ ಕೈಗೂ ಕೊಡುವುದು, ಇದನ್ನೇ ನಾನು ಐಷಾರಾಮ ಎನ್ನುತ್ತೇನೆ. ಅರಮನೆಯ ಮರ್ಯಾದೆ ನಡೆದುಬಂದವನಿಗೂ ಸಿಕ್ಕಿತು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಆ ಹೋಟೆಲಿನ ಮೊದಲ ಹೆಸರಿನಲ್ಲೇ ಜಾತಿಯಿತ್ತು. ಅದು ಆ ಒಂದು ಮನೆಯ ಮಾತಲ್ಲ. ಅಂದಿನ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಒಳಗಿನ ಕೋಣೆ, ಉಳಿದವರಿಗೆ ಹೊರಗಿನ ಬೆಂಚು ಎಂಬುದು ರೂಢಿಯಾಗಿತ್ತು. ಎಷ್ಟೋ ಜನರಿಗೆ ಹೊರಗಿನ ಬೆಂಚೂ ಇರಲಿಲ್ಲ. ಅವರ ಪಾಲಿಗೆ ಹೋಟೆಲು ದೂರದಿಂದ ಕಾಣುವ ಬೆಳಕಷ್ಟೇ ಆಗಿತ್ತು. ಈ ಅಡ್ಡಗೋಡೆ ತಾನಾಗಿ ಬೀಳಲಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ಅಂಗಡಿ, ಹೋಟೆಲು, ಊಟದ ಮನೆಗಳಿಗೆ ಹೋಗಲು ಜಾತಿ, ಧರ್ಮ, ಲಿಂಗದ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ ಎಂದು ಬರೆದೇ ಹೇಳಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ತಡೆದವರಿಗೆ ಶಿಕ್ಷೆ ಗೊತ್ತುಮಾಡಿತು. ಒಂದು ದೇಶ ತನ್ನ ಮೂಲ ಕಾನೂನಿನಲ್ಲಿ ಹೋಟೆಲಿನ ಹೆಸರು ಹಿಡಿದು ಬರೆದಿದೆ ಎಂದರೆ ಆ ಬಾಗಿಲಿನ ಮುಂದೆ ಎಷ್ಟು ಜನ ನಿಂತು ತಿರುಗಿ ಹೋಗಿರಬೇಕು ಎಂದು ಊಹಿಸಿ. ಬೆಳ್ಳಿ ಲೋಟ ನಿಜವಾಗಿ ಎಲ್ಲರದ್ದಾಗಲು ಅಡುಗೆಭಟ್ಟರ ಕೈಗುಣದ ಜೊತೆಗೆ ಅಂಬೇಡ್ಕರರ ಲೇಖನಿಯೂ ಬೇಕಾಯಿತು. ಹೋಟೆಲಿನ ಚರಿತ್ರೆ ಬರೆಯುವವರು ಇವೆರಡನ್ನೂ ಒಟ್ಟಿಗೆ ಬರೆಯಬೇಕು.

ತಿಂಡಿಯ ಹಾಗೆಯೇ ತಂಗುವ ಕೋಣೆಯ ಕಥೆ. ನಮ್ಮ ಜಿಲ್ಲೆಗಳ ತೆಂಕು ಬದಿಯ ಕಡಂದಲೆಯ ಕೃಷ್ಣರಾಯರು ಪಾತ್ರೆ ತೊಳೆಯುವ, ರುಬ್ಬುವ ಕೆಲಸದಿಂದ ಮೇಲೆ ಬಂದವರು. ಮದರಾಸಿನಲ್ಲಿ ಉಡುಪಿ ಶ್ರೀಕೃಷ್ಣ ವಿಲಾಸ ನಡೆಸಿದರು. 1938ರಲ್ಲಿ ರಾಯಪೇಟೆಯ ದೊಡ್ಡ ಬಂಗಲೆಯೊಂದನ್ನು ಹಿಡಿದು ವುಡ್‌ಲ್ಯಾಂಡ್ಸ್ ತೆರೆದರು. ಆವರೆಗೆ ಸಂಸಾರ ಕಟ್ಟಿಕೊಂಡು ಮದರಾಸಿಗೆ ಹೋದ ಸಸ್ಯಾಹಾರಿಗಳಿಗೆ ಛತ್ರ ಅಥವಾ ನೆಂಟರ ಮನೆಯೇ ಗತಿ. ಸಾಹೇಬರ ಹೋಟೆಲಿಗೆ ಹೋಗಲು ಸಂಕೋಚ, ಛತ್ರದಲ್ಲಿ ಹೆಂಗಸರಿಗೆ ಮರೆಯಿಲ್ಲ. ಚೊಕ್ಕ ಹಾಸಿಗೆ, ಕೋಣೆಗೆ ಸೇರಿದ ಬಚ್ಚಲು, ಕೆಳಗೆ ಇಳಿದರೆ ಬಿಸಿ ಬಿಸಿ ಊಟ, ಇಷ್ಟು ಕೊಟ್ಟದ್ದೇ ಆ ಕಾಲಕ್ಕೆ ದೊಡ್ಡ ಮಾತು. 1952ರಲ್ಲಿ ಅವರು ನ್ಯೂ ವುಡ್‌ಲ್ಯಾಂಡ್ಸ್ ಮಾಡಿದರು. 1962ರಲ್ಲಿ ಮರಗಳ ನಡುವೆ ಡ್ರೈವ್ ಇನ್ ಹೋಟೆಲು ತೆರೆದರು. ಕಾರಿನ ಕಿಟಕಿಗೇ ತಟ್ಟೆ ಸಿಕ್ಕಿಸಿ ದೋಸೆ ಕೊಡುತ್ತಿದ್ದರು. 2008ರಲ್ಲಿ ಅದು ಮುಚ್ಚಿದಾಗ ಮದರಾಸಿನ ಜನ ಮನೆಯ ಹಿರಿಯರು ಹೋದ ಹಾಗೆ ಮರುಗಿದರು. ಮೈಸೂರಿನಲ್ಲಿ 1921ರಿಂದ ಬೆಳೆದ ದಾಸಪ್ರಕಾಶದ್ದೂ ಇದೇ ಜಾಡು. ಮಧ್ಯಮ ವರ್ಗದವರು ಹೆಂಡತಿ ಮಕ್ಕಳನ್ನು ಕರೆದುಕೊಂಡು, ತಲೆ ತಗ್ಗಿಸದೆ ಒಂದು ಹೋಟೆಲಿನ ಮೆಟ್ಟಿಲು ಹತ್ತುವಂತೆ ಮಾಡಿದವರು ಈ ಕಡಲ ಕರೆಯವರು.

ನಮ್ಮ ಹಳೆಯ ಮನೆಗಳಲ್ಲಿ ಬಂದವರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಆಸ್ರಿಗೆ, ಅಂದರೆ ಬಾಯಾರಿಕೆಗೆ, ಒಂದು ತಂಬಿಗೆ ನೀರು ಮತ್ತು ಬೆಲ್ಲದ ತುಂಡು. ಬಂದವರು ಯಾರು, ಯಾಕೆ ಬಂದರು ಎಂದು ಕೇಳುವುದು ಅದಾದ ಮೇಲೆ. ಇಂದಿನ ತಾರಾ ಹೋಟೆಲಿನಲ್ಲಿ ಬಾಗಿಲಲ್ಲೇ ತಣ್ಣನೆಯ ಒದ್ದೆ ಟವೆಲು ಕೊಟ್ಟು, ಪಾನಕದ ಗ್ಲಾಸು ಹಿಡಿದು ನಿಲ್ಲುತ್ತಾರಲ್ಲ, ಅದು ಈ ಆಸ್ರಿಯೇ. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಸಮಿತಿ ನಕ್ಷತ್ರ ಕೊಡುವಾಗ ಕೋಣೆಯ ಅಳತೆ, ಬಿಸಿನೀರು, ಅಡುಗೆಮನೆಯ ಶುಚಿ, ಸಿಬ್ಬಂದಿಯ ತರಬೇತಿ ಎಂದು ಪಟ್ಟಿ ಹಿಡಿದು ನೋಡುತ್ತದೆ. ನೋಡಲೇಬೇಕು. ಆದರೆ ಬಂದವರು ದೊಡ್ಡವರು ಎಂಬ ಭಾವನೆ ಬಡಿಸುವವನ ಎದೆಯಲ್ಲಿ ಇದೆಯೋ ಇಲ್ಲವೋ ಎಂದು ಅಳೆಯಲು ಯಾವ ಟೇಪೂ ಇಲ್ಲ. ಆ ಭಾವನೆಯನ್ನು ನಮ್ಮ ಹುಡುಗರು ಮನೆಯಿಂದಲೇ ಗಂಟು ಕಟ್ಟಿಕೊಂಡು ಹೋದರು.

ಈಚಿನ ಕಾಲದಲ್ಲಿ ಚಕ್ರ ತಿರುಗಿದೆ. ಬೆಂಗಳೂರಿನ ರೆಸಿಡೆನ್ಸಿ ರಸ್ತೆಯಲ್ಲಿ, ಮುರ್ಡೇಶ್ವರದ ಆರ್. ಎನ್. ಶೆಟ್ಟರ ಒಡೆತನದಲ್ಲಿದ್ದ, ತಾಜ್ ಗುಂಪು ನಡೆಸುವ ಹೋಟೆಲಿನೊಳಗೆ 1990ರಲ್ಲಿ ‘ಕರಾವಳಿ’ ಎಂಬ ಊಟದ ಮನೆ ಶುರುವಾಯಿತು. ಹೆಂಚಿನ ಮಾಡು, ಮರದ ಕಂಬ, ಅಂಗಳ. ಅಲ್ಲಿನ ಅಡುಗೆಯವರು ಕಡಲ ಕರೆಯ ಮನೆಗಳಿಗೆ ಹೋಗಿ, ಒಲೆಯ ಪಕ್ಕ ನಿಂತು, ಹೆಂಗಸರ ಕೈಯಿಂದ ಅಡುಗೆ ಕಲಿತು ಬಂದರು. ಅದುವರೆಗೆ ನಕ್ಷತ್ರದ ಹೋಟೆಲಿನಲ್ಲಿ ಉಣ್ಣುವುದೆಂದರೆ ಪಂಜಾಬಿನದ್ದೋ ಪರದೇಶದ್ದೋ ಅಡುಗೆ ಎಂಬುದೇ ಲೆಕ್ಕ. ನೀರುದೋಸೆಗೆ, ಮೀನಿನ ಗಸಿಗೆ ಬಿಳಿಯ ಮೇಜುಬಟ್ಟೆಯ ಮೇಲೆ ಜಾಗ ಸಿಕ್ಕಿತು. ಕುಂದಾಪುರದ ಶೆಟ್ಟಿ ಲಂಚ್ ಹೋಮ್ 1957ರಲ್ಲಿ ಶುರುವಾದದ್ದು. ಬ್ಯಾಡಗಿ ಮೆಣಸು, ಹುಳಿ, ತುಪ್ಪ ಸೇರಿಸಿ ಅಲ್ಲಿ ಮಾಡಿದ ಕೋಳಿ ಘೀ ರೋಸ್ಟ್ ಇಂದು ದೊಡ್ಡ ದೊಡ್ಡ ಹೋಟೆಲುಗಳ ಮೆನುವಿನಲ್ಲಿ ಕುಂದಾಪುರದ ಹೆಸರು ಹೊತ್ತು ಕೂತಿದೆ. ಸಣ್ಣ ಪೇಟೆಯ ಒಂದು ಒಲೆಯಿಂದ ಎದ್ದ ಘಮ ಅಷ್ಟು ದೂರ ಹೋಗಿದೆ. ನಮ್ಮೂರಿನ ಅಡುಗೆ ಯಾವ ಐಷಾರಾಮಕ್ಕೂ ಕಡಿಮೆಯದ್ದಲ್ಲ ಎಂಬುದನ್ನು ನಗರ ಈಗ ಒಪ್ಪಿಕೊಂಡಿದೆ. ನಾವೂ ಒಪ್ಪಿಕೊಳ್ಳಬೇಕು.

ಈ ಎಲ್ಲ ಹೆಸರುಗಳ ಹಿಂದೆ ಹೆಸರಿಲ್ಲದವರು ಸಾವಿರಾರು. ನಗರದ ಹೋಟೆಲಿನಲ್ಲಿ ಅವರನ್ನು ಗುರುತಿಸಲು ನನಗೆ ಕಷ್ಟವಾಗುವುದಿಲ್ಲ. ನೀರಿನ ಲೋಟ ಇಡುವಾಗಲೇ ಮಾತಿನ ಎಳೆ ಕಿವಿಗೆ ಬೀಳುತ್ತದೆ.

“ಹ್ವಾಯ್, ಊರ್ ಕಡೆಯವ್ರಾ? ಎಲ್ ಆಯ್ತ್?”

“ಕೋಟ. ನಿಮ್ದ್?”

“ನಂದ್ ಕೊಲ್ಲೂರ್ ಹತ್ರ. ಊರಲ್ಲ್ ಮಳಿ ಹ್ಯಾಂಗಿತ್ತ್? ಕೂಕಣಿ, ಕಾಪಿ ಈಗ್ಳೇ ತತ್ತೆ.”

ಇಷ್ಟೇ ಮಾತು. ಆದರೆ ಕಾಫಿ ತರುವಷ್ಟರಲ್ಲಿ ಅವರ ಮುಖವೇ ಬೇರೆಯಾಗಿರುತ್ತದೆ. ಮಳೆಯನ್ನು ಕೇಳಿದ್ದು ಗದ್ದೆ ಇದೆಯೆಂದು. ಗದ್ದೆಯ ಹತ್ತಿರ ಅಮ್ಮ ಇದ್ದಾರೆಂದು. ಹಿಂದೆಲ್ಲ ಏಳನೆಯ ಕ್ಲಾಸಿಗೇ ಶಾಲೆ ಬಿಡಿಸಿ ಯಾರದೋ ಕೈಹಿಡಿಸಿ ಬಸ್ಸು ಹತ್ತಿಸುತ್ತಿದ್ದರು. ಮೊದಲು ಕ್ಲೀನರ್, ಆಮೇಲೆ ಸಪ್ಲೈಯರ್, ಅದೃಷ್ಟವಿದ್ದರೆ ಗಲ್ಲಾ, ಅದಕ್ಕೂ ಮೇಲೆ ಪಾಲು. ನಡುವೆ ಹಿಟ್ಟಿನ ಮೂಟೆಗಳ ಪಕ್ಕ ಮಲಗಿ ಅತ್ತ ರಾತ್ರಿಗಳ ಲೆಕ್ಕ ಯಾರ ಪುಸ್ತಕದಲ್ಲೂ ಇಲ್ಲ. ಹದಿನಾಲ್ಕರೊಳಗಿನ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸುವುದನ್ನು 2006ರಲ್ಲಿ ಸರ್ಕಾರ ನಿಷೇಧಿಸಿತು. ಎಷ್ಟೋ ದಶಕ ಮೊದಲೇ ಬರಬೇಕಾಗಿದ್ದ ನಿಯಮ ಅದು.

ಆ ಕತ್ತಲಲ್ಲೂ ದೀಪ ಹಿಡಿದವರಿದ್ದರು. ಮುಂಬಯಿಯಲ್ಲಿ ಮೊಗವೀರರ ಮಂಡಳಿ, ಬಿಲ್ಲವರ ಅಸೋಸಿಯೇಷನ್ ಮುಂತಾದ ನಮ್ಮವರ ಸಂಘಗಳು ಹೋಟೆಲಿನ ಹುಡುಗರಿಗೆಂದು ಕನ್ನಡದ ರಾತ್ರಿ ಶಾಲೆ ನಡೆಸಿದವು. ಹಗಲೆಲ್ಲ ಮೇಜು ಒರೆಸಿದ ಕೈ ರಾತ್ರಿ ಸ್ಲೇಟು ಹಿಡಿಯಿತು. ಹಾಗೆ ಓದಿದವರು ವಕೀಲರಾದರು, ಲೆಕ್ಕಪರಿಶೋಧಕರಾದರು, ಹೋಟೆಲಿನ ಯಜಮಾನರಾದರು, ಊರಿಗೆ ಬಂದು ಶಾಲೆ ಕಟ್ಟಿಸಿದರು. ನಮ್ಮ ಎಷ್ಟೋ ಹಳ್ಳಿಯ ಶಾಲೆಗಳ ಗೋಡೆಯ ಮೇಲಿರುವ ದಾನಿಗಳ ಹೆಸರಿನ ಕಲ್ಲನ್ನು ಓದಿ ನೋಡಿ. ಅರ್ಧಕ್ಕರ್ಧ ಹೋಟೆಲಿನ ದುಡ್ಡು ಅದು, ಅಂದರೆ ತೊಳೆದ ತಟ್ಟೆಗಳ ದುಡ್ಡು.

ಈಗ ಹೋಟೆಲೇ ನಮ್ಮ ಊರಿಗೆ ಬರುತ್ತಿದೆ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಯಿತು, ಹೆದ್ದಾರಿ ಅಗಲವಾಯಿತು, ಕೊಲ್ಲೂರಿಗೆ ಬರುವವರು ಹೆಚ್ಚಿದರು. ತ್ರಾಸಿ ಮರವಂತೆಯ ಕಡಲ ಬದಿಯಲ್ಲಿ, ಸಾಲಿಗ್ರಾಮದ ಹೊಳೆಯ ದಂಡೆಯಲ್ಲಿ ರೆಸಾರ್ಟುಗಳು ಎದ್ದಿವೆ. ಸಂತೋಷವೇ. ಮುಂಬಯಿಗೆ ಹೋಗಿ ದುಡಿಯಬೇಕಾಗಿದ್ದ ಹುಡುಗ ಮನೆಯಿಂದಲೇ ಬೈಕಿನಲ್ಲಿ ಕೆಲಸಕ್ಕೆ ಹೋಗಿ ಬರಬಹುದು. ಆದರೆ ಕಟ್ಟುವವರಿಗೆ ನಾಲ್ಕು ಮಾತು ಹೇಳಬೇಕೆನಿಸುತ್ತದೆ. ವೆಸ್ಟ್ ಎಂಡ್‌ನಿಂದ ಮರ ಉಳಿಸುವುದನ್ನು ಕಲಿಯಿರಿ. ಗಾಳಿಮರ, ಹೊನ್ನೆಮರಗಳನ್ನು ಕಡಿದು ಹುಲ್ಲುಹಾಸು ಹಾಸಬೇಡಿ. ಯಜ್ಞಪ್ಪನವರಿಂದ ಅಡುಗೆಮನೆಯ ಬಾಗಿಲು ತೆರೆದಿಡುವುದನ್ನು ಕಲಿಯಿರಿ. ಕಡಲನ್ನು ಮಾತ್ರ ಬೇಲಿ ಹಾಕಿ ನಿಮ್ಮದಾಗಿಸಿಕೊಳ್ಳಬೇಡಿ. ಬಲೆ ಒಣಗಿಸುವ ಮೊಗವೀರರು, ಸಂಜೆ ಗಾಳಿಗೆ ಬರುವ ಊರಿನ ಮಕ್ಕಳು ಹೊರಗೆ ನಿಂತು ನೋಡುವ ಹಾಗಾದರೆ, ದಂಡಿನ ಕಾಲದ ಹೋಟೆಲನ್ನೇ ನಾವು ನಮ್ಮ ಮಣ್ಣಿನಲ್ಲಿ ಮತ್ತೆ ಕಟ್ಟಿದಂತಾಗುತ್ತದೆ. ದುಡಿಯುವವರಿಗೆ ವಾರದ ರಜೆ, ಮಲಗಲು ಹಾಸಿಗೆ, ನ್ಯಾಯದ ಸಂಬಳ ಕೊಡಿ. ಗಿರಾಕಿಗೆ ಕೊಡುವ ಮರ್ಯಾದೆ ಅಲ್ಲಿಂದಲೇ ಶುರುವಾಗಬೇಕು.

ಓದುಗರಲ್ಲೂ ಒಂದು ಕೋರಿಕೆ ಇದೆ. ಹೋಟೆಲಿನಲ್ಲಿ ದುಡಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ರಜೆಯಲ್ಲಿ ಅವರ ಹತ್ತಿರ ಕೂತು ಕೇಳಿ. ಯಾವ ವರ್ಷ ಹೋದರು, ಯಾರ ಜೊತೆ ಹೋದರು, ಮೊದಲ ಸಂಬಳ ಎಷ್ಟು, ಯಾವ ರಸ್ತೆಯ ಯಾವ ಹೋಟೆಲು, ಯಾವ ತಿಂಡಿಯಲ್ಲಿ ಅವರ ಕೈ ಪಳಗಿತ್ತು, ಎಲ್ಲವನ್ನೂ ಬರೆದಿಡಿ. ಹಳೆಯ ಮೆನು ಬೋರ್ಡು, ಲೆಕ್ಕದ ಪುಸ್ತಕ, ಫೋಟೋ ಇದ್ದರೆ ರದ್ದಿಗೆ ಹಾಕಬೇಡಿ. ಯಕ್ಷಗಾನಕ್ಕೆ, ಕಂಬಳಕ್ಕೆ, ಮೀನುಗಾರಿಕೆಗೆ ನಮ್ಮಲ್ಲಿ ಬರವಣಿಗೆ ಇದೆ, ಅಭಿಮಾನವಿದೆ. ಹೋಟೆಲಿಗೂ ಅದು ಬೇಕು. ಕುಂದಾಪುರದಲ್ಲೋ ಸಾಲಿಗ್ರಾಮದಲ್ಲೋ ಹೋಟೆಲಿನವರ ಒಂದು ವಸ್ತುಸಂಗ್ರಹಾಲಯ ಆಗಬೇಕು. ಹೋಟೆಲಿನಿಂದ ಬೆಳೆದ ನಮ್ಮ ಸಂಘಗಳು ಮನಸ್ಸು ಮಾಡಿದರೆ ಅದು ದೊಡ್ಡ ಕೆಲಸವಲ್ಲ. ನೆನಪಿರುವವರು ಇರುವಾಗಲೇ ಅದನ್ನು ಮಾಡೋಣ.